ಹಬ್ಬ ಮುಗಿದ ಮೇಲೆ ಆ ಗಾಳಿಮರದ ಗೆಲ್ಲನ್ನು ಎಂತ ಮಾಡುವುದು?

ಜನವರಿ ಎರಡನೇ ವಾರ ನಮ್ಮ ತೋಡಿನ ಬದಿಯಲ್ಲಿ ನಡೆದು ಹೋದರೆ ಒಂದಾದರೂ ಕ್ರಿಸ್ಮಸ್ ಟ್ರೀ ಕಣ್ಣಿಗೆ ಬೀಳುತ್ತದೆ. ಮಿಂಚುವ ಜರಿ ಹಾರ ಹಾಗೇ ಸುತ್ತಿಕೊಂಡಿರುತ್ತದೆ, ತುದಿಯಲ್ಲಿ ಅರ್ಧ ಹರಿದ ನಕ್ಷತ್ರ, ಬುಡದಲ್ಲಿ ಬಕೆಟಿನ ಮಣ್ಣು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಹತ್ತು ಹನ್ನೆರಡು ದಿನ ಯಾರದೋ ಚಾವಡಿಯಲ್ಲಿ ಮರ್ಯಾದೆಯಿಂದ ನಿಂತಿದ್ದದ್ದು ಈಗ ತೋಡಿನ ಕಲ್ಲಿಗೆ ಸಿಕ್ಕಿ ಓರೆಯಾಗಿ ಬಿದ್ದಿರುತ್ತದೆ. ಮೊದಲ ಮಳೆಗೆ ಅದು ಕೆಳಗಿನ ಕಟ್ಟಕ್ಕೆ ಹೋಗಿ ಅಡ್ಡ ನಿಲ್ಲುತ್ತದೆ, ಆಮೇಲೆ ನೀರು ಯಾರ ತೋಟಕ್ಕೆ ನುಗ್ಗಿತು ಅಂತ ಜಗಳ.

ಹೋದ ವರ್ಷ ನೆರೆಮನೆಯ ಬಾಯಮ್ಮ ಟ್ರೀಯನ್ನು ಅಂಗಳಕ್ಕೆ ತಂದಿಟ್ಟು ನನ್ನನ್ನು ಕರೆದರು. "ಇದನ್ನು ಎಂತ ಮಾಡುವುದು ಮಗಾ? ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ." ಗಲ್ಫಿನಲ್ಲಿರುವ ಮೊಮ್ಮಗ ಅವರಿಗೆ ಏನೇನೋ ಉಪಾಯ ಕಳಿಸಿದ್ದ. ಮೆಷಿನ್‌ಗೆ ಹಾಕಿ ಚೂರು ಮಾಡಿಸಿ, ಊರಿನ ಕೆರೆಗೆ ಮುಳುಗಿಸಿ, ನಗರಸಭೆಯ ಲಾರಿ ಬಂದಾಗ ಕೊಡಿ. ಎಲ್ಲ ಸರಿ, ಆದರೆ ಅದೆಲ್ಲ ಅಮೆರಿಕ, ಯುರೋಪಿನ ಫರ್, ಸ್ಪ್ರೂಸ್, ಪೈನ್ ಮರಗಳಿಗೆ ಹೇಳಿದ ಮಾತು. ಬಾಯಮ್ಮನ ಅಂಗಳದಲ್ಲಿದ್ದದ್ದು ಗಾಳಿಮರದ ಗೆಲ್ಲು. ನಮ್ಮ ಕಾಸರಗೋಡಿನ ಬೇಳ, ಕುಂಬಳೆ, ಮಂಜೇಶ್ವರದ ಕಡೆ ಎಷ್ಟೋ ಮನೆಗಳಲ್ಲಿ ಕ್ರಿಸ್ಮಸ್ ಟ್ರೀ ಅಂದರೆ ಇದೇ ಅಲ್ವಾ. ಮರ ಬೇರೆ ಅಂದ ಮೇಲೆ ಉಪಾಯವೂ ಬೇರೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಕೈಯಲ್ಲಿರುವುದು ಏನು ಅಂತ ನೋಡಿ.

ಗಾಳಿಮರಕ್ಕೆ ಘಟ್ಟದ ಮೇಲೆ ಸರ್ವೆ ಮರ ಅನ್ನುತ್ತಾರೆ, ಮಲಯಾಳದಲ್ಲಿ ಕಾಟ್ಟಾಡಿ. ಶಾಸ್ತ್ರೀಯ ಹೆಸರು ಕ್ಯಾಸುವರಿನಾ ಈಕ್ವಿಸೆಟಿಫೋಲಿಯಾ. ನೋಡಲಿಕ್ಕೆ ಪೈನ್ ಮರದ ತಮ್ಮನ ಹಾಗಿದ್ದರೂ ಎರಡಕ್ಕೂ ಸಂಬಂಧ ಇಲ್ಲ. ಪೈನ್‌ನದು ಹೂ ಬಿಡದ ಮರಗಳ ಗುಂಪು, ಗಾಳಿಮರ ಹೂ ಬಿಡುವ ಮರ. ಅದರ ಊರು ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾದ ಕಡಲತೀರ. ನಮ್ಮ ದೇಶಕ್ಕೆ ಅದನ್ನು ತಂದು ಮೊದಲು ನೆಟ್ಟದ್ದು 1868ರಲ್ಲಿ, ಇಲ್ಲೇ ಮೇಲೆ ಕಾರವಾರದಲ್ಲಿ. ಕ್ಯಾಸುವರಿನಾ ಅನ್ನುವ ಹೆಸರು ಕ್ಯಾಸೋವರಿ ಹಕ್ಕಿಯ ಮಲಯ್ ಭಾಷೆಯ ಹೆಸರಿನಿಂದ ಬಂತು. ಜೋತು ಬಿದ್ದ ಆ ಕಡ್ಡಿಗಳು ಹಕ್ಕಿಯ ಗರಿಯ ಹಾಗೆ ಕಂಡವಂತೆ.

ಒಂದು ಸಣ್ಣ ಕೆಲಸ ಮಾಡಿ. ಸೂಜಿಯ ಹಾಗಿರುವ ಒಂದು ಹಸಿರು ಕಡ್ಡಿ ಕಿತ್ತು ಎರಡೂ ತುದಿ ಹಿಡಿದು ಎಳೆಯಿರಿ. ಟಕ್ ಅಂತ ಒಂದು ಗಂಟಿನಲ್ಲಿ ಬಿಟ್ಟುಕೊಳ್ಳುತ್ತದೆ. ಆ ಗಂಟಿನ ಸುತ್ತ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹಲ್ಲುಗಳು, ಆರೇಳೋ ಎಂಟೋ ಇರುತ್ತವೆ. ಅವೇ ಎಲೆಗಳು! ನಾವು ಸೂಜಿ ಎಲೆ ಅಂತ ತಿಳಿದುಕೊಂಡದ್ದು ಎಲೆಯೇ ಅಲ್ಲ, ಎಳೆ ಗೆಲ್ಲು. ಮಕ್ಕಳಿಗೆ ಇದನ್ನು ತೋರಿಸಿ, ಅರ್ಧ ಗಂಟೆ ಸುಮ್ನೆ ಕೂತು ಎಳೆಯುತ್ತಾ ಇರುತ್ತಾರೆ.

ಇದು ಸುಮ್ನೆ ಹೇಳಿದ್ದಲ್ಲ. ಎಲೆ ಬೇಗ ಕೊಳೆಯುತ್ತದೆ, ಗೆಲ್ಲು ಬೇಗ ಕೊಳೆಯುವುದಿಲ್ಲ. ಗಾಳಿಮರದ ಕಡ್ಡಿಯಲ್ಲಿ ನಾರು ಜಾಸ್ತಿ, ಒಗರಿನ ಟ್ಯಾನಿನ್ ಜಾಸ್ತಿ, ಹೊರಗೆ ಮೇಣದ ಹಾಗಿನ ಒಂದು ಪೊರೆ ಬೇರೆ. ಕಡಲ ಬದಿಯ ಗಾಳಿಮರದ ತೋಪಿನೊಳಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ, ಕಾಲಿನಡಿ ಚಾಪೆ ಹಾಸಿದ ಹಾಗೆ ಕಂದು ಕಡ್ಡಿ ಬಿದ್ದಿರುತ್ತದೆ, ಹುಲ್ಲು ಕೂಡ ಅಷ್ಟಾಗಿ ಏಳುವುದಿಲ್ಲ. ಈ ನಿಧಾನವನ್ನು ತಲೆಯಲ್ಲಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ತಾನಾಗಿ ಹೊಳೆಯುತ್ತದೆ. ಬೇಗ ಗೊಬ್ಬರ ಆಗಬೇಕಾದಲ್ಲಿ ಇದು ಕೆಲಸಕ್ಕೆ ಬಾರದು, ಬೇಗ ಕೊಳೆಯಬಾರದಾದಲ್ಲಿ ಇದರಷ್ಟು ಒಳ್ಳೆಯದು ಇಲ್ಲ.

ಆದರೆ ಯಾವುದಕ್ಕೆ ಉಪಯೋಗಿಸುವುದಿದ್ದರೂ ಮೊದಲು ಸಿಂಗಾರ ಬಿಚ್ಚಬೇಕು. ಇದರಲ್ಲಿ ಸೋಮಾರಿತನ ಮಾಡಲೇಬಾರದು. ಜರಿ ಹಾರ ಅಂದರೆ ತೆಳು ಪ್ಲಾಸ್ಟಿಕ್, ಹೆಚ್ಚಾಗಿ ಪಿವಿಸಿ, ಅದರ ಮೇಲೆ ಅಲ್ಯೂಮಿನಿಯಮ್‌ನ ಲೇಪ. ಹಿಮ ಅಂತ ಉದುರಿಸುವುದು ಥರ್ಮೋಕೋಲ್ ಕಾಳು. ಗೊಂಬೆ, ಗಂಟೆ ಕಟ್ಟುವುದು ಸಣ್ಣ ಸರಿಗೆಯಲ್ಲಿ. ಈ ಸರಿಗೆಯೇ ನನಗೆ ಹೆಚ್ಚಿನ ಹೆದರಿಕೆ. ನಮ್ಮ ಕಡೆ ಯಾವ ಸೊಪ್ಪಾದರೂ ಕೊನೆಗೆ ಹಟ್ಟಿಗೆ ಹೋಗುತ್ತದೆ, ಮತ್ತು ದನ ನಮ್ಮ ಹಾಗೆ ಜಗಿದು ನೋಡಿ ನುಂಗುವುದಿಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಒಳಗೆ ಹೋದ ಸರಿಗೆ ಭಾರಕ್ಕೆ ಎರಡನೇ ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳು ಪರದೆ ಅಷ್ಟೇ. ದನ ಏಳುವಾಗ, ಮಲಗುವಾಗ, ಹೊಟ್ಟೆ ಹಿಂಡಿದಾಗ ಸರಿಗೆ ಮುಂದೆ ಮುಂದೆ ಚುಚ್ಚುತ್ತಾ ಹೃದಯದ ಚೀಲಕ್ಕೇ ತಲುಪಬಹುದು. ಪಶುವೈದ್ಯರು ಇದಕ್ಕೆ ಹಾರ್ಡ್‌ವೇರ್ ಡಿಸೀಸ್ ಅನ್ನುತ್ತಾರೆ. ಹೆಸರು ಕೇಳಿದರೆ ಕಂಪ್ಯೂಟರಿನದ್ದು ಅನ್ನಿಸಬೇಕು.

ಹಾಗಾಗಿ ಹಗಲು ಬೆಳಕಿನಲ್ಲಿ, ಅಂಗಳದಲ್ಲಿ ಹಳೆ ಬೆಡ್‌ಶೀಟ್ ಹಾಸಿ, ಅದರ ಮೇಲೆ ಬಿಚ್ಚಿ. ಬಿದ್ದದ್ದೆಲ್ಲ ಒಂದೇ ಕಡೆ ಸಿಗುತ್ತದೆ. ಸೀರಿಯಲ್ ಸೆಟ್ಟನ್ನು ರಟ್ಟಿನ ತುಂಡಿಗೆ ಸುತ್ತಿಟ್ಟರೆ ಮುಂದಿನ ಡಿಸೆಂಬರ್‌ನಲ್ಲಿ ಗಂಟು ಬಿಡಿಸುತ್ತಾ ಬೈದುಕೊಳ್ಳುವುದು ತಪ್ಪುತ್ತದೆ. ಹರಿದ ಜರಿ, ಥರ್ಮೋಕೋಲ್ ಎಲ್ಲ ಚೀಲಕ್ಕೆ ತುಂಬಿಸಿ, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ಕೊಡಿ. ಟ್ರೀಯನ್ನೇ ಅವರಿಗೆ ಕೊಡಲಿಕ್ಕೆ ನೋಡಬೇಡಿ, ಅವರು ಒಯ್ಯುವುದು ಕೊಳೆಯದ ಕಸ. ಕೊಳೆಯುವುದನ್ನು ಮನೆಯಲ್ಲೇ ಮುಗಿಸಬೇಕು ಅನ್ನುವುದು ಇಲ್ಲಿನ ಲೆಕ್ಕ.

ಹಾಗೆಯೇ ಗೋದಲಿಯ ಬೈಹುಲ್ಲು ಹಟ್ಟಿಗೆ, ಗೆರಟೆಯಲ್ಲಿ ಮೊಳಕೆ ಬರಿಸಿದ ಭತ್ತ ರಾಗಿ ಕೋಳಿಗಳಿಗೆ. ಅದರಲ್ಲಿ ವಿವರಿಸಲಿಕ್ಕೆ ಏನೂ ಇಲ್ಲ.

ಈಗ ಗೊಬ್ಬರದ ವಿಷಯ. ಹೆಚ್ಚು ತಪ್ಪು ತಿಳುವಳಿಕೆ ಇರುವುದು ಇಲ್ಲಿಯೇ.

ಗಾಳಿಮರ ಗಾಳಿಯಿಂದ ಸಾರಜನಕ ಹಿಡಿಯುತ್ತದೆ ಅಂತ ಎಲ್ಲೋ ಓದಿದವರು ನೇರ ಅಡಿಕೆ ಬುಡಕ್ಕೆ ತಂದು ಸುರಿಯುತ್ತಾರೆ. ಓದಿದ್ದು ನಿಜ. ಅದರ ಬೇರಿನ ಗಂಟುಗಳಲ್ಲಿ ಫ್ರ್ಯಾಂಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ, ಗಾಳಿಯ ಸಾರಜನಕವನ್ನು ಅದು ಮರಕ್ಕೆ ಒದಗಿಸುತ್ತದೆ. ಬರೀ ಹೊಯ್ಗೆಯಲ್ಲಿ ಈ ಮರ ಬದುಕುವುದು ಅದಕ್ಕೇ. ಆದರೆ ಆ ಕಾರ್ಖಾನೆ ಇರುವುದು ಬೇರಿನಲ್ಲಿ. ನೀವು ತಂದದ್ದು ಗೆಲ್ಲು. ಕಾರ್ಖಾನೆ ತಾಯಿಮರದ ಬುಡದಲ್ಲೇ ಉಳಿಯಿತು. ಹಸಿರು ಕಡ್ಡಿಯಲ್ಲಿ ಸ್ವಲ್ಪ ಸಾರಜನಕ ಇದೆ, ಇಲ್ಲ ಅಂತಲ್ಲ, ಆದರೆ ಗ್ಲಿರಿಸೀಡಿಯಾ ಸೊಪ್ಪಿನ ಹತ್ತಿರಕ್ಕೂ ಬರುವುದಿಲ್ಲ, ಇದ್ದದ್ದೂ ಆ ನಾರು ಮತ್ತು ಟ್ಯಾನಿನ್‌ನೊಳಗೆ ಬೀಗ ಹಾಕಿ ಕೂತಿರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಇಂಗಾಲ ಮತ್ತು ಸಾರಜನಕದ ಲೆಕ್ಕ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಎರಡೂ ಬೇಕು. ಊಟದ ಹಾಗೆ ಅಂತ ತಿಳಿದುಕೊಳ್ಳಿ, ಇಂಗಾಲ ಅಂದರೆ ಅನ್ನ, ಸಾರಜನಕ ಅಂದರೆ ಸಾಂಬಾರು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕಾಂಪೋಸ್ಟ್ ಚೆನ್ನಾಗಿ ಬೇಯುತ್ತದೆ. ಸೆಗಣಿಯಲ್ಲಿ ಇದು ಹೆಚ್ಚುಕಮ್ಮಿ 20ಕ್ಕೆ ಒಂದು. ಮರದ ಹುಡಿಯಲ್ಲಾದರೆ ಕೆಲವು ನೂರಕ್ಕೆ ಒಂದು. ಅಂದರೆ ಅನ್ನ ಗುಡ್ಡೆ ಇದೆ, ಸಾಂಬಾರು ಒಂದು ಸೌಟು. ಹಾಗಾದಾಗ ಊಟಕ್ಕೆ ಕೂತವರು ಸುಮ್ಮನಿರುತ್ತಾರಾ? ಪಕ್ಕದ ಮನೆಯಿಂದ ಸಾಂಬಾರು ಎತ್ತಿಕೊಂಡು ಬರುತ್ತಾರೆ. ಪಕ್ಕದ ಮನೆ ಅಂದರೆ ನಿಮ್ಮ ತೋಟದ ಮಣ್ಣು. ಮಣ್ಣಿನಲ್ಲಿದ್ದ ಸಾರಜನಕವನ್ನೆಲ್ಲ ಅವರೇ ಎಳೆದುಕೊಂಡು, ಬದನೆ ಗಿಡ ಹಳದಿಯಾಗುತ್ತದೆ. ನಾವು ಗೊಬ್ಬರ ಹಾಕಿದೆವಲ್ಲ, ಮತ್ತೆ ಯಾಕೆ ಹೀಗೆ ಅಂತ ತಲೆ ಕೆರೆದುಕೊಳ್ಳುತ್ತೇವೆ. ಕೊನೆಗೆ ಎಲ್ಲ ಕೊಳೆತ ಮೇಲೆ ಆ ಸಾಲ ವಾಪಸು ಬರುತ್ತದೆ, ಆದರೆ ಬದನೆಗೆ ಅಷ್ಟು ದಿನ ಕಾಯಲಿಕ್ಕೆ ಆಗುವುದಿಲ್ಲ.

ಇದಕ್ಕೆ ಉಪಾಯ ಸುಲಭ: ಮಣ್ಣಿಗೆ ಬೆರೆಸಬೇಡಿ, ಮೇಲೆ ಹರಡಿ. ಮೇಲೆ ಹರಡಿದರೆ ಕಡ್ಡಿ ಮಣ್ಣಿಗೆ ತಾಗುವ ತೆಳು ಪದರದಲ್ಲಿ ಮಾತ್ರ ಈ ಸಾಲದ ವ್ಯವಹಾರ ನಡೆಯುತ್ತದೆ, ಕೆಳಗಿನ ಬೇರಿಗೆ ತೊಂದರೆ ಇಲ್ಲ. ಜನವರಿಯಿಂದ ಮೇ ತನಕ ನಮಗೆ ಬೇಕಾದದ್ದೂ ಅದೇ. ನೀರಿಗೋಸ್ಕರ ಗುಡ್ಡಕ್ಕೆ ಕೊರೆದ ಸುರಂಗದ ನೀರು ಸಪೂರವಾಗುತ್ತಾ ಬರುವ ಸಮಯ, ಮಣ್ಣಿನ ತೇವ ಆರದ ಹಾಗೆ ನೋಡಿಕೊಂಡರೆ ಅಷ್ಟೇ ಲಾಭ. ತರಗೆಲೆ ಗಾಳಿಗೆ ಹಾರುತ್ತದೆ, ಗೆದ್ದಲು ಬೇಗ ಮುಗಿಸುತ್ತದೆ. ಗಾಳಿಮರದ ಕಡ್ಡಿ ಒಂದಕ್ಕೊಂದು ಹೆಣೆದುಕೊಂಡು ಅಲ್ಲೇ ಕೂರುತ್ತದೆ. ನಾಲ್ಕು ಬೆರಳು ದಪ್ಪ ಸಾಕು. ಗಿಡದ ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣು ಬಿಡಿ, ಇಲ್ಲದಿದ್ದರೆ ಮಳೆ ಬಂದಾಗ ಬುಡ ಸದಾ ಒದ್ದೆಯಾಗಿ ಕೊಳೆಯಬಹುದು.

ಸೂಜಿ ಎಲೆ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅನ್ನುವ ಮಾತು ಕೂಡ ಇದೆ. ಪೈನ್ ಮರದ ಹಸಿ ಸೂಜಿ ಹುಳಿಯೇ, ಪಿಎಚ್ ನಾಲ್ಕಕ್ಕಿಂತ ಕೆಳಗೆ ಇರುತ್ತದೆ. ಆದರೆ ಕೊಳೆಯುತ್ತಾ ಹೋದ ಹಾಗೆ ಸೂಕ್ಷ್ಮಜೀವಿಗಳೇ ಆ ಹುಳಿಯನ್ನು ಮುರಿಯುತ್ತವೆ, ಮೇಲೆ ಹರಡಿದ ಮುಚ್ಚಿಗೆಯಿಂದ ಕೆಳಗಿನ ಮಣ್ಣು ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ನಮ್ಮ ಮುರಕಲ್ಲಿನ ಮಣ್ಣು ಮೊದಲೇ ಹುಳಿ, ಸಾವಿರಾರು ವರ್ಷದ ಮಳೆ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋದದ್ದರಿಂದ. ಅದಕ್ಕೆ ಹೇಗೂ ಸುಣ್ಣ ಹಾಕುತ್ತೀರಿ. ಒಂದು ಕ್ರಿಸ್ಮಸ್ ಟ್ರೀಯ ಮೇಲೆ ಆ ಅಪವಾದ ಹೊರಿಸುವುದು ಬೇಡ.

ಕಾಂಪೋಸ್ಟೇ ಬೇಕು ಅಂತಿದ್ದರೆ ಆಗುವುದಿಲ್ಲ ಅಂತಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐನವರು ತೆಂಗಿನ ಗರಿಯಂಥ ಗಟ್ಟಿ ವಸ್ತುವನ್ನೇ ಎರೆಗೊಬ್ಬರ ಮಾಡಿ ತೋರಿಸಿದ್ದಾರೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ ಅದು. ಅಲ್ಲಿನ ಕ್ರಮದಲ್ಲಿ ಹತ್ತು ಪಾಲು ಗರಿಗೆ ಒಂದು ಪಾಲು ಸೆಗಣಿ, ಮತ್ತು ಯೂಡ್ರಿಲಸ್ ಜಾತಿಯ ಎರೆಹುಳ. ಆದರೆ ಹಸಿ ಗರಿಯನ್ನು ನೇರ ಹುಳಕ್ಕೆ ಕೊಡುವುದಿಲ್ಲ, ಮೊದಲು ಒಣಗಿ ಹಳತಾಗಬೇಕು, ಸೆಗಣಿ ನೀರಿನಲ್ಲಿ ಸ್ವಲ್ಪ ಕಾಲ ಕೊಳೆಯಬೇಕು. ಗಾಳಿಮರಕ್ಕೂ ಇದೇ ದಾರಿ. ಸಪೂರ ಕಡ್ಡಿಗಳನ್ನು ಮಾತ್ರ ಕತ್ತಿಯಿಂದ ಚಿಕ್ಕದಾಗಿ ಕಡಿದು, ಸೆಗಣಿ ನೀರು ಚಿಮುಕಿಸಿ, ಹಸಿ ಸೊಪ್ಪಿನ ಜೊತೆ ಪದರ ಪದರವಾಗಿ ಹಾಕಿ, ಆಮೇಲೆ ತಾಳ್ಮೆ. ಒಂದು ಟ್ರೀಗೋಸ್ಕರ ಇಷ್ಟು ಮಾಡಬೇಕಾ ಅಂತ ಕೇಳಿದರೆ, ನಾನಾದರೆ ಮಾಡುವುದಿಲ್ಲ. ಮತ್ತೊಂದು ಮಾತು, ತೆಂಗಿನ ತೋಟದ ಹತ್ತಿರ ಗೊಬ್ಬರದ ಗುಂಡಿಯನ್ನು ಕೆದಕದೆ ಬಿಟ್ಟರೆ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಅಲ್ಲೇ ಮೊಟ್ಟೆ ಇಟ್ಟು ಮರಿ ಮಾಡುತ್ತದೆ. ಆಗಾಗ ಮಗುಚಿ ಹಾಕಿ, ಬೆಳ್ಳಗಿನ ದಪ್ಪ ಹುಳ ಸಿಕ್ಕಿದರೆ ಕೋಳಿಗೆ ಹಬ್ಬ.

ನನ್ನ ಮಟ್ಟಿಗೆ ಟ್ರೀಯ ನಿಜವಾದ ಉಪಯೋಗ ಇರುವುದು ಅದರ ಆಕಾರದಲ್ಲಿ, ಗೊಬ್ಬರದಲ್ಲಲ್ಲ. ನಿಮ್ಮ ಹತ್ತಿರ ಇರುವುದು ಐದಾರು ಅಡಿ ಎತ್ತರದ, ಎಲ್ಲ ಕಡೆ ಗೆಲ್ಲು ಚಾಚಿದ, ಬೇಗ ಮುರಿಯದ ಒಂದು ಕೋಲು. ಜನವರಿಯಲ್ಲಿ ಅಂಥದ್ದು ಯಾರಿಗೆ ಬೇಕು? ಅಲಸಂಡೆಗೆ ಬೇಕು!

ಗದ್ದೆ ಕೊಯ್ದ ಮೇಲೆ ತರಕಾರಿ ಹಾಕುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಅಲಸಂಡೆ ಬಳ್ಳಿ ಒಂದು ಗೇಣು ಆಗುತ್ತಲೇ ಏನಾದರೂ ಹಿಡಿಯಲಿಕ್ಕೆ ಹುಡುಕುತ್ತದೆ. ನುಣುಪಾದ ಕಂಬಕ್ಕಿಂತ ಗೆಲ್ಲುಗೆಲ್ಲಾಗಿರುವ ಕೋಲು ಅದಕ್ಕೆ ಇಷ್ಟ, ಒಂದೊಂದು ಗೆಲ್ಲಿಗೂ ಸುತ್ತಿ ಅಗಲವಾಗಿ ಹರಡಿಕೊಳ್ಳುತ್ತದೆ, ಕಾಯಿ ಕೊಯ್ಯಲಿಕ್ಕೆ ಕೈಗೆಟುಕುತ್ತದೆ. ಹಸಿರು ಕಡ್ಡಿ ಒಣಗಿ ಉದುರಿ ಬುಡಕ್ಕೇ ಬೀಳುತ್ತದೆ, ಅದು ಪುಕ್ಕಟೆ ಮುಚ್ಚಿಗೆ. ಹಾರೆಯಲ್ಲಿ ಒಂದೂವರೆ ಅಡಿ ತೂತು ಮಾಡಿ ಊರಿ, ಕಲ್ಲು ಹಾಕಿ ಜಡಿಯಿರಿ, ಬಳ್ಳಿ ತುಂಬಿದ ಮೇಲೆ ಗಾಳಿಗೆ ಭಾರ ಜಾಸ್ತಿ. ಹಾಗಲ, ಪಡುವಲಕ್ಕೆ ಇದು ಸಾಲದು, ಅವಕ್ಕೆ ಚಪ್ಪರವೇ ಬೇಕು. ಬಸಳೆ ಚಪ್ಪರಕ್ಕೆ ಮೂಲೆಯ ಊರುಗೋಲಾಗಿ ನಡೆಯುತ್ತದೆ.

ಬಳ್ಳಿ ಏನೂ ಇಲ್ಲದ ಗದ್ದೆಯಲ್ಲಿ ಸುಮ್ನೆ ನಡುವೆ ಊರಿಟ್ಟರೂ ಲಾಭ ಉಂಟು. ಕಾಜಾಣ ಬಂದು ಕೂರುತ್ತದೆ. ಎತ್ತರದಲ್ಲಿ ಕೂತು ಕೆಳಗೆ ಹರಿಯುವ ಹುಳ, ಹಾರುವ ಚಿಟ್ಟೆ ನೋಡಿ ಸರ್ರನೆ ಇಳಿದು ಹಿಡಿದು ಮತ್ತೆ ಅಲ್ಲಿಗೇ ಹೋಗಿ ತಿನ್ನುವುದು ಅದರ ಕ್ರಮ. ಗದ್ದೆಯಲ್ಲಿ ಕೂರಲು ಜಾಗ ಇಲ್ಲದಿದ್ದರೆ ಅದು ಬರುವುದೇ ಇಲ್ಲ. ಕೀಟ ಹತೋಟಿಗೆ ಹಕ್ಕಿ ಕೂರುವ ಕೋಲು ನೆಡಿ ಅಂತ ಕೃಷಿ ಇಲಾಖೆಯವರು ಹೇಳುವುದು ಇದನ್ನೇ.

ಇನ್ನೊಂದು ಉಪಯೋಗ ಅಡಿಕೆ ಸಸಿ ಇಟ್ಟವರಿಗೆ. ಎಳೆ ಅಡಿಕೆಗೆ ನೈಋತ್ಯದ ಬಿಸಿಲು ಆಗುವುದಿಲ್ಲ. ನಾವಿರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಬರುವ ತನಕ ಮಧ್ಯಾಹ್ನದ ಸೂರ್ಯ ನಮಗೆ ತೆಂಕು ಬದಿಗೇ ಇರುತ್ತಾನೆ, ಇಳಿಹೊತ್ತಿನಲ್ಲಿ ನೈಋತ್ಯದಿಂದ ಓರೆಯಾಗಿ ಹೊಡೆಯುತ್ತಾನೆ. ಕಾಂಡದ ಆ ಒಂದೇ ಬದಿ ಸುಟ್ಟು ಹಳದಿಯಾಗಿ, ಆಮೇಲೆ ಕಂದಾಗಿ ಬಿರುಕು ಬಿಡುತ್ತದೆ. ಅಡಿಕೆಯ ಸಾಲನ್ನು ನೇರ ಉತ್ತರ ದಕ್ಷಿಣಕ್ಕೆ ಇಡದೆ ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಿ ಇಡಿ ಅನ್ನುವುದೂ, ಕಾಂಡಕ್ಕೆ ಸೋಗೆ ಕಟ್ಟುವುದೂ ಇದೇ ಕಾರಣಕ್ಕೆ. ಸಣ್ಣ ಸಸಿಯ ನೈಋತ್ಯ ಬದಿಗೆ ಗಾಳಿಮರದ ಗೆಲ್ಲು ಊರಿದರೆ ಜಾಲರಿಯ ಹಾಗೆ ನೆರಳು ಬೀಳುತ್ತದೆ, ಗಾಳಿಯೂ ಆಡುತ್ತದೆ. ಕಡ್ಡಿಗಳು ಒಣಗಿದ ಮೇಲೂ ಸುಮಾರು ದಿನ ಗೆಲ್ಲಿನಲ್ಲೇ ಜೋತಿರುತ್ತವೆ. ಬಾಯಮ್ಮನ ಟ್ರೀಯನ್ನು ನಾನು ಎರಡು ಭಾಗ ಮಾಡಿದೆ, ಮೇಲಿನದ್ದು ಅವರ ಅಲಸಂಡೆಗೆ, ಕೆಳಗಿನ ಅಗಲದ ಗೆಲ್ಲುಗಳು ನನ್ನ ನಾಲ್ಕು ಅಡಿಕೆ ಸಸಿಗೆ. ಕೂಲಿ ಅಂತ ಹಬ್ಬದ ತಿಂಡಿ ಕುಸ್ವಾರ್‌ನಲ್ಲಿ ಉಳಿದಿದ್ದ ಕಲ್‌ಕಲ್ ಸಿಕ್ಕಿತು.

ಹೊರದೇಶದವರು ಏನು ಮಾಡುತ್ತಾರೆ ಅನ್ನುವುದನ್ನೂ ಸ್ವಲ್ಪ ಹೇಳಬೇಕು. ನಕಲು ಮಾಡಲಿಕ್ಕಲ್ಲ, ಯಾಕೆ ಮಾಡುತ್ತಾರೆ ಅಂತ ತಿಳಿಯಲಿಕ್ಕೆ. ನ್ಯೂಯಾರ್ಕ್‌ನಲ್ಲಿ ಜನವರಿಯಲ್ಲಿ ಮಲ್ಚ್‌ಫೆಸ್ಟ್ ಅಂತಲೇ ಒಂದು ಕಾರ್ಯಕ್ರಮ, ಜನ ಟ್ರೀ ಎಳೆದುಕೊಂಡು ಪಾರ್ಕಿಗೆ ಬರುತ್ತಾರೆ, ಮೆಷಿನ್ ಅದನ್ನು ಚೂರು ಮಾಡಿ ಕೊಡುತ್ತದೆ. ಅದೇ ಊರಿನ ರಾಕ್‌ಫೆಲ್ಲರ್ ಸೆಂಟರ್‌ನ ದೈತ್ಯ ಮರವನ್ನು 2007ರಿಂದ ಹಲಗೆ ಸೀಳಿ, ಬಡವರಿಗೆ ಮನೆ ಕಟ್ಟುವ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಗೆ ಕೊಡುತ್ತಾರೆ. ಬರ್ಲಿನ್ನಿನ ಮೃಗಾಲಯದಲ್ಲಿ ಆನೆಗಳು ಕ್ರಿಸ್ಮಸ್ ಟ್ರೀ ತಿನ್ನುತ್ತವೆ, ಆದರೆ ಗಮನಿಸಿ, ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದನ್ನು ಮಾತ್ರ. ಮನೆಯಲ್ಲಿ ಸಿಂಗರಿಸಿದ ಮರ ಬೇಡ ಅನ್ನುತ್ತಾರೆ, ಜರಿ, ಸರಿಗೆ, ಬಣ್ಣದ ಹೆದರಿಕೆ ಅವರಿಗೂ ಇದೆ.

ನಮಗೆ ಹತ್ತಿರ ಅನ್ನಿಸುವುದು ಕಡಲ ಕತೆ. ಇಂಗ್ಲೆಂಡಿನ ಲ್ಯಾಂಕಶೈರ್‌ನ ತೀರದಲ್ಲಿ ಹಳೆ ಟ್ರೀಗಳನ್ನು ಮರಳ ದಿಬ್ಬದ ಮುಂದೆ ಸಾಲಾಗಿ ಅರ್ಧ ಹೂಳುತ್ತಾರೆ. ಕಡಲಿನಿಂದ ಬೀಸುವ ಗಾಳಿ ಮರಳನ್ನು ಹೊತ್ತು ತರುತ್ತದೆ. ಗೆಲ್ಲಿಗೆ ತಾಗಿದಾಗ ಅದರ ವೇಗ ಇಳಿಯುತ್ತದೆ, ವೇಗ ಇಳಿದ ಗಾಳಿಗೆ ಮರಳು ಹೊರಲಿಕ್ಕೆ ಆಗುವುದಿಲ್ಲ, ಅಲ್ಲೇ ಕೆಡವುತ್ತದೆ. ದಿನ ಹೋದ ಹಾಗೆ ಟ್ರೀ ಮುಚ್ಚಿ ಹೋಗಿ ಹೊಸ ದಿಬ್ಬ ಏಳುತ್ತದೆ, ಅದರ ಮೇಲೆ ಹುಲ್ಲು ಹಿಡಿದರೆ ಗಟ್ಟಿಯಾಗುತ್ತದೆ. ಅಮೆರಿಕದ ಲೂಯಿಸಿಯಾನಾದಲ್ಲಿ ಟ್ರೀಗಳ ಕಟ್ಟುಗಳನ್ನು ಹೆಲಿಕಾಪ್ಟರ್‌ನಿಂದ ಜೌಗು ನೆಲಕ್ಕೆ ಇಳಿಸುತ್ತಾರೆ, ಅಲೆಯ ಹೊಡೆತ ತಗ್ಗಿ ಕೆಸರು ತಂಗಲಿ ಅಂತ.

ಹಾಗಾದರೆ ಉಪ್ಪಳ, ಶಿರಿಯದ ಕಡಲತೀರಕ್ಕೆ ನಮ್ಮ ಟ್ರೀಗಳನ್ನೂ ಒಯ್ದು ಹೂಳಬಹುದಲ್ಲ? ಕೇಳಲಿಕ್ಕೆ ಚಂದ, ಆದರೆ ಬೇಡ. ನಮ್ಮಲ್ಲಿ ಕೊರೆತ ಆಗುವುದು ಮಳೆಗಾಲದ ಅಲೆಗೆ. ಜೂನ್‌ನಲ್ಲಿ ಕಡಲು ಏರಿ ಬಂದರೆ ಕರ್ಗಲ್ಲಿನ ತಡೆಗೋಡೆಯೇ ಜಾರುತ್ತದೆ, ಒಂದು ಗೆಲ್ಲು ಎಷ್ಟರದು? ಅದು ಕಿತ್ತು ಬಂದು ಮೀನುಗಾರರ ಬಲೆಗೆ ಸಿಕ್ಕುತ್ತದೆ. ಇನ್ನೂ ಒಂದು ಉಂಟು. ಮಳೆ ಬಿಟ್ಟ ಮೇಲಿನ ತಿಂಗಳುಗಳಲ್ಲೇ ಕಡಲಾಮೆ ಮೊಟ್ಟೆ ಇಡಲಿಕ್ಕೆ ದಡಕ್ಕೆ ಬರುವುದು. ನೀಲೇಶ್ವರದ ತೈಕಡಪ್ಪುರದಲ್ಲಿ ನೆಯ್ದಲ್ ಅನ್ನುವ ಗುಂಪಿನವರು ಆ ಮೊಟ್ಟೆಗಳನ್ನು ಕಾದು ಮರಿಗಳನ್ನು ಕಡಲಿಗೆ ಬಿಡುತ್ತಾರೆ. ದಡದಲ್ಲಿ ಗೆಲ್ಲು ಹೂಳಿದರೆ ಹೊಯ್ಗೆ ತೋಡಲು ಬಂದ ಆಮೆಗೆ ಅಡ್ಡಿ. ಗಾಳಿಯ ಮರಳು ಹಿಡಿಯುವ ಕೆಲಸವನ್ನು ನಮ್ಮಲ್ಲಿ ಅಡುಂಬು ಬಳ್ಳಿ ಮಾಡುತ್ತದೆ, ಅದನ್ನು ತುಳಿಯದೆ, ಕೀಳದೆ ಬಿಟ್ಟರೆ ಸಾಕು. ಹಾಗೆಯೇ ಡಿಸೆಂಬರ್‌ನಲ್ಲಿ ಕಡಲ ಬದಿಗೆ ನೆಟ್ಟ ಗಾಳಿಮರಕ್ಕೆ ಕತ್ತಿ ಹಾಕುವುದೂ ಬೇಡ. ಅದು ಗಾಳಿ ತಡೆಯಲಿಕ್ಕೆ ನೆಟ್ಟದ್ದು.

ಕೆರೆಗೆ ಮುಳುಗಿಸುವುದರ ವಿಷಯವೂ ಹೀಗೇ. ಅಮೆರಿಕದ ದೊಡ್ಡ ಸರೋವರಗಳಲ್ಲಿ ಕಲ್ಲು ಕಟ್ಟಿ ಮುಳುಗಿಸಿದ ಟ್ರೀಯೊಳಗೆ ಮರಿ ಮೀನುಗಳು ಅಡಗುತ್ತವೆ. ಮಳೆನೀರು ನಿಲ್ಲಿಸುವ ನಮ್ಮ ಮದಕದಲ್ಲಿ ಬೇಸಗೆಗೆ ಉಳಿಯುವುದು ಸೊಂಟ ಮಟ್ಟದ ನಿಂತ ನೀರು. ಅದರಲ್ಲಿ ಗೆಲ್ಲು ಕೊಳೆತರೆ ನೀರಿನ ಆಮ್ಲಜನಕ ಖಾಲಿಯಾಗುತ್ತದೆ, ಟ್ಯಾನಿನ್ ಬಿಟ್ಟು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಪ್ಲಾಸ್ಟಿಕ್ ಟ್ರೀ ತಂದರೆ ಆಯಿತಲ್ಲ ಅನ್ನುವವರಿಗೆ ಒಂದು ಲೆಕ್ಕ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಅಂದಾಜು ಮಾಡಿದ ಪ್ರಕಾರ ಎರಡು ಮೀಟರಿನ ಪ್ಲಾಸ್ಟಿಕ್ ಟ್ರೀಯ ಲೆಕ್ಕಕ್ಕೆ ಸುಮಾರು 40 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಷ್ಟೇ ಎತ್ತರದ ನಿಜವಾದ ಮರವನ್ನು ಕಸದ ಗುಂಡಿಗೆ ಹಾಕಿದರೆ 16 ಕೆಜಿ, ಸುಟ್ಟರೆ ಅಥವಾ ಚೂರು ಮಾಡಿ ಹರಡಿದರೆ ಬರೀ 3.5 ಕೆಜಿ. ಸುಡುವುದಕ್ಕಿಂತ ಹೂಳುವುದು ಕೆಟ್ಟದ್ದು ಹೇಗೆ ಅಂತ ನನಗೂ ಮೊದಲು ಆಶ್ಚರ್ಯವಾಗಿತ್ತು. ಗಾಳಿ ಆಡದ ಕಸದ ರಾಶಿಯೊಳಗೆ ಮರ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಡೈಆಕ್ಸೈಡ್‌ಗಿಂತ 28 ಪಟ್ಟು ಶಾಖ ಹಿಡಿಯುತ್ತದೆ. ಅದೆಲ್ಲ ಅಲ್ಲಿನ ಮರ, ಅಲ್ಲಿನ ಕಸದ ಗುಂಡಿಯ ಲೆಕ್ಕ, ನಮ್ಮ ಗೆಲ್ಲಿಗೆ ಹಾಗೇ ಹೊಂದುವುದಿಲ್ಲ. ಆದರೆ ದಾರಿ ಅದೇ. ಈಗಾಗಲೇ ಪ್ಲಾಸ್ಟಿಕ್ ಟ್ರೀ ಇದ್ದರೆ ಬಿಸಾಡಬೇಡಿ ಮತ್ತೆ! ವರ್ಷ ವರ್ಷ ಅದನ್ನೇ ನಿಲ್ಲಿಸಿ, ಹತ್ತು ಹನ್ನೆರಡು ಹಬ್ಬ ಕಂಡರೆ ಅದರ ಸಾಲವೂ ತೀರುತ್ತದೆ.

ಈಗೀಗ ನರ್ಸರಿಯಿಂದ ಚಟ್ಟಿಯ ಗಿಡ ತರುವವರೂ ಇದ್ದಾರೆ. ಹಬ್ಬ ಆದ ಮೇಲೆ ಅಂಗಳದಲ್ಲಿ ನೆಡುವ ಅಂತ ಆಸೆ. ಹೆಚ್ಚಾಗಿ ಅದು ಅರಕೇರಿಯಾ, ನಾರ್ಫೋಕ್ ಪೈನ್ ಅಂತಲೂ ಹೇಳುತ್ತಾರೆ. ನೆಡುವ ಮೊದಲು ಒಮ್ಮೆ ಮೇಲೆ ನೋಡಿ, ಕರೆಂಟಿನ ತಂತಿ ಉಂಟಾ ಅಂತ. ಅದರ ಮೂಲ ಊರಾದ ನಾರ್ಫೋಕ್ ದ್ವೀಪದಲ್ಲಿ ಆ ಮರ 50 ಮೀಟರ್ ದಾಟುತ್ತದೆ, ಅಂದರೆ ನಮ್ಮ ಎತ್ತರದ ತೆಂಗಿನ ಎರಡು ಪಟ್ಟು. ನಾರ್ಫೋಕ್ ಅಂತ ಮಾರುವುದರಲ್ಲಿ ಎಷ್ಟೋ ಸಲ ಅದರ ದಾಯಾದಿ ಕುಕ್ ಪೈನ್ ಇರುತ್ತದೆ. ಅದಕ್ಕೆ ಒಂದು ತಮಾಷೆಯ ಗುಣ, ಲೋಕದ ಯಾವ ಮೂಲೆಯಲ್ಲಿ ನೆಟ್ಟರೂ ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ, ನಮ್ಮಲ್ಲಾದರೆ ತೆಂಕಿಗೆ. ಮನೆಯ ಬಡಗು ಬದಿಗೆ ನೆಟ್ಟರೆ ಅದು ಮನೆಯ ಕಡೆಗೇ ಬಾಗುತ್ತದೆ ಅಂತಾಯಿತು. ಜಾಗ ಇಲ್ಲದಿದ್ದರೆ ಚಟ್ಟಿಯಲ್ಲೇ ಇರಲಿ, ಎರಡು ವರ್ಷಕ್ಕೊಮ್ಮೆ ಒಂದು ಅಳತೆ ದೊಡ್ಡ ಚಟ್ಟಿ, ಚಟ್ಟಿಯಲ್ಲಿ ನಿಧಾನ ಬೆಳೆಯುತ್ತದೆ. ಚಾವಡಿಯ ನೆರಳಿನಿಂದ ನೇರ ಜನವರಿ ಬಿಸಿಲಿಗೆ ಇಟ್ಟು ಸುಡಬೇಡಿ, ಒಂದು ವಾರ ಮಾವಿನ ಮರದಡಿ ಇಟ್ಟು ಆಮೇಲೆ ಹೊರಗೆ. ತುದಿ ಮಾತ್ರ ಕತ್ತರಿಸಬೇಡಿ, ಆ ಚಂದದ ಗೋಪುರದ ಆಕಾರ ಮತ್ತೆ ಬರುವುದಿಲ್ಲ. ತೂಜಾ, ಗೋಲ್ಡನ್ ಸೈಪ್ರೆಸ್ ತಂದವರಿಗೆ ನನ್ನ ಸಂತಾಪ. ಅವು ನೀಲಗಿರಿಯಂಥ ತಂಪಿನಲ್ಲಿ ಸುಖವಾಗಿರುವ ಗಿಡಗಳು, ನಮ್ಮ ಏಪ್ರಿಲ್ ತಡೆದುಕೊಳ್ಳುವುದು ಅವಕ್ಕೆ ಕಷ್ಟ.

ಉಳಿದದ್ದು ಸುಡುವ ವಿಷಯ. ಕ್ರಿಸ್ಮಸ್ ಟ್ರೀಯನ್ನು ಒಲೆಗೆ ಹಾಕಬೇಡಿ ಅಂತ ಹೊರಗಿನವರು ಹೇಳುವುದಕ್ಕೆ ಕಾರಣ ಪೈನ್‌ನ ಅಂಟು, ಅದು ಸಿಡಿಯುತ್ತದೆ, ಅವರ ಮುಚ್ಚಿದ ಚಿಮಣಿಯೊಳಗೆ ಮಸಿಯಾಗಿ ಕೂತು ಬೆಂಕಿ ಹಿಡಿಯುತ್ತದೆ. ಗಾಳಿಮರದಲ್ಲಿ ಆ ಅಂಟು ಇಲ್ಲ. ಕಟ್ಟಿಗೆಯಾಗಿ ಅದರ ಹೆಸರು ದೊಡ್ಡದು, ಗಟ್ಟಿ ಮರ, ಒಳ್ಳೆಯ ಕೆಂಡ. ಆದರೆ ಒಣಗಿದ ಸಪೂರ ಕಡ್ಡಿಯ ಬಗ್ಗೆ ಜಾಗ್ರತೆ, ಅದು ಕಾಗದದ ಹಾಗೆ ಭುಗ್ಗೆಂದು ಹಿಡಿಯುತ್ತದೆ. ಹಬ್ಬದ ದಿನಗಳಲ್ಲಿ ಕೂಡ ಮೋಂಬತ್ತಿಯನ್ನು ಟ್ರೀಯಿಂದ ದೂರ ಇಡಿ, ಬಕೆಟಿನಲ್ಲಿ ಒಣ ಹೊಯ್ಗೆಯ ಬದಲು ಒದ್ದೆ ಮಣ್ಣಿರಲಿ, ಮೂರು ರಾಯರ ಹಬ್ಬ ಜನವರಿ 6ಕ್ಕೆ ಮುಗಿಯುತ್ತಲೇ ಒಳಗಿಂದ ತೆಗೆಯಿರಿ. ಅಲಂಕಾರದ ಸಮೇತ ಸುಡುವುದಂತೂ ಬೇಡವೇ ಬೇಡ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್ ಎಲ್ಲ ಇರುತ್ತವೆ, ಆ ಹೊಗೆ ಮೊದಲು ಹೋಗುವುದು ಒಲೆಯ ಮುಂದೆ ಕೂತವರ ಮೂಗಿಗೆ.

ಬಾಯಮ್ಮನ ಅಲಸಂಡೆ ಏಪ್ರಿಲ್ ತನಕ ಕಾಯಿ ಕೊಟ್ಟಿತು. ಮೇ ಕೊನೆಗೆ ಬಳ್ಳಿ ಒಣಗಿತು, ಕೋಲು ಕಿತ್ತು ನೋಡಿದರೆ ಮಣ್ಣಿನೊಳಗಿದ್ದ ಒಂದೂವರೆ ಅಡಿಯನ್ನು ಗೆದ್ದಲು ತಿಂದು ಟೊಳ್ಳು ಮಾಡಿತ್ತು. ಮೇಲಿನದ್ದು ಗಟ್ಟಿಯಾಗಿಯೇ ಇತ್ತು. ಮಳೆ ಹಿಡಿಯುವ ಮೊದಲು ಅದನ್ನು ಮುರಿದು ಬಚ್ಚಲಿನ ಒಲೆಯ ಹತ್ತಿರ ಅಟ್ಟಿ ಹಾಕಿದರು, ಜೂನ್‌ನಲ್ಲಿ ಎರಡು ದಿನ ಸ್ನಾನಕ್ಕೆ ಬಿಸಿನೀರಾಯಿತು. ಒಲೆಯ ಬೂದಿ ತೆಂಗಿನ ಬುಡಕ್ಕೆ ಹೋಯಿತು. ಬೂದಿ ಎತ್ತುವಾಗ ಅದರೊಳಗೆ ಬೆರಳುದ್ದದ ಒಂದು ಸರಿಗೆ ಸಿಕ್ಕಿತಂತೆ, ನನ್ನನ್ನು ಕರೆದು ತೋರಿಸಿದರು. "ಬೆಡ್‌ಶೀಟ್ ಹಾಸಿ ಬಿಚ್ಚಿದ್ದು ನೀನೇ ಅಲ್ವಾ ಮಗಾ?"